ಬಾಗಿಲಿನ ಮೇಲಿನ ಬೋರ್ಡು ಓದಿ ಒಳಗೆ ಹೋಗು, ಮಗಳೇ

ಶುಗರ್ ಲ್ಯಾಂಡ್, ಟೆಕ್ಸಾಸ್

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ನಿನ್ನ ಮಾಮಿಗೂ ಓದಿ ಹೇಳಿದೆ. ಡಲ್ಲಾಸ್‌ನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಒಬ್ಬಳೇ ಪಾರ್ಕಿಂಗ್‌ಗೆ ನಡೆದು ಹೋಗುವಾಗ ಭಯವಾಗುತ್ತದೆ, ಅದಕ್ಕೇ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಒಂದು ಹ್ಯಾಂಡ್‌ಗನ್ ತೆಗೆದುಕೊಂಡೆ ಎಂದು ಬರೆದಿದ್ದೀಯ. ಅದರಲ್ಲಿ ತಪ್ಪೇನೂ ಇಲ್ಲ. ಭಯಪಡುವ ಹೆಣ್ಣುಮಗಳಿಗೆ ಧೈರ್ಯ ಹೇಳುವುದು ಸುಲಭ, ಆ ಪಾರ್ಕಿಂಗ್‌ನಲ್ಲಿ ನಡೆಯಬೇಕಾದವಳು ನೀನು.

ಆದರೆ ಪತ್ರದ ಕೊನೆಯಲ್ಲಿ ಕೇಳಿರುವ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ‘ನಮ್ಮ ಮನೆ ಹತ್ತಿರದ ದಿನಸಿ ಅಂಗಡಿಯ ಬಾಗಿಲಲ್ಲಿ ಗನ್ ತರಬಾರದು ಅಂತ ದೊಡ್ಡ ಬೋರ್ಡ್ ಇದೆ. ನನ್ನದು ಹ್ಯಾಂಡ್‌ಬ್ಯಾಗಿನ ಒಳಗೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಸಿಕ್ಕಿಬಿದ್ದರೂ ಇನ್ನೂರು ಡಾಲರ್ ದಂಡ ಅಷ್ಟೇ ಅಂತ ಡ್ಯೂಟಿಯಲ್ಲಿ ಜೊತೆಗಿರುವವಳು ಹೇಳುತ್ತಾಳೆ. ನಿಜವಾ ಮಾವ?’ ಎಂದು ಕೇಳಿದ್ದೀಯ.

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅವಳು ಇಲ್ಲೇ ಹುಟ್ಟಿದವಳು. ಅವಳ ಪಾಲಿಗೆ ಇನ್ನೂರು ಡಾಲರಿಗೆ ಮುಗಿಯುವ ವಿಷಯ ನಿನ್ನ ಪಾಲಿಗೆ ಅಲ್ಲಿಗೆ ಮುಗಿಯಲಿಕ್ಕಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು.

ಕೋವಿಯ ವಿಷಯದಲ್ಲಿ ನನಗೆ ಮಡಿವಂತಿಕೆ ಇಲ್ಲವೆಂದು ನಿನಗೆ ಗೊತ್ತು. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಕೊಡವ ನಾಡಿನವರು ನಾವು. ಬ್ರಿಟಿಷರ ಕಾಲದಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದವರ ಅರ್ಜಿಯನ್ನು ತಳ್ಳಿಹಾಕಿ 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೂ ನಮ್ಮ ಐನ್‌ಮನೆಯಲ್ಲಿ ನಾಟಿಯ ಕಾಲಕ್ಕೆ ಕೋವಿ ದೇವರ ಕೋಣೆ ಸೇರುತ್ತಿತ್ತು. ಗದ್ದೆ ಕೆಲಸ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಅಜ್ಜ ಅದನ್ನು ಹೊರಗೆ ತೆಗೆದು, ಒರೆಸಿ, ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ, ಪೂಜೆ ಮಾಡಿದ ಮೇಲೆಯೇ ನಮ್ಮ ಕೈಗೆ ಕೊಡುತ್ತಿದ್ದರು. ಹಕ್ಕು ಇದ್ದವರು ಅದಕ್ಕೊಂದು ಕಾಲ, ಒಂದು ಜಾಗ ಇಟ್ಟುಕೊಂಡು ಬಾಳಿದರು. ನಾನು ನಿನಗೆ ಹೇಳಬೇಕೆಂದಿರುವುದಕ್ಕೆ ಬುಡ ಅಲ್ಲಿದೆ.

ಈಗ ಕಾನೂನಿಗೆ ಬರೋಣ.

ನಿನ್ನ ಕೈಯಲ್ಲಿರುವ ಹಕ್ಕು ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯದು. ಆ ತಿದ್ದುಪಡಿ ಸರಕಾರದ ಕೈ ಕಟ್ಟುತ್ತದೆ. ಅಂಗಡಿಯವನ ಕೈ ಕಟ್ಟುವುದಿಲ್ಲ. ಅಂಗಡಿ ಅವನ ಸ್ವತ್ತು. ಅಲ್ಲಿಗೆ ಕೋವಿ ತರಬೇಡಿ ಎನ್ನುವ ಅಧಿಕಾರ ಅವನಿಗಿದೆ, ಮತ್ತು ಟೆಕ್ಸಾಸ್‌ನಂಥ ರಾಜ್ಯ ಆ ಅಧಿಕಾರದ ಬೆನ್ನಿಗೆ ಕ್ರಿಮಿನಲ್ ಕಾನೂನನ್ನೇ ನಿಲ್ಲಿಸಿದೆ. ಕೋವಿಯ ಪ್ರೀತಿಗೆ ಹೆಸರಾದ ಈ ರಾಜ್ಯದಲ್ಲಿ ಸ್ವಂತ ಜಾಗದ ಮೇಲಿನ ಪ್ರೀತಿಯೂ ಅಷ್ಟೇ ದೊಡ್ಡದು.

2021ರ ಸೆಪ್ಟೆಂಬರ್ 1ರಿಂದ ಇಲ್ಲಿ 21 ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು. ಆ ಕಾನೂನು ಬಂದಾಗ ‘ಇನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು’ ಎಂದು ಬಹಳ ಜನ ತಿಳಿದುಕೊಂಡರು. ಅದು ತಪ್ಪು ತಿಳಿವಳಿಕೆ. ಬಾಗಿಲಿನ ಬೋರ್ಡುಗಳು ಅದೇ ಕಾನೂನಿನಲ್ಲಿ ಉಳಿದುಕೊಂಡವು, ಒಂದು ಹೊಸ ಬೋರ್ಡೂ ಸೇರಿತು.

ಮೂರು ನಂಬರುಗಳನ್ನು ನೆನಪಿಡು. ದಂಡ ಸಂಹಿತೆಯ 30.06 ಎಂದಿರುವ ಬೋರ್ಡು, ಲೈಸೆನ್ಸ್ ಇದ್ದವರು ಹ್ಯಾಂಡ್‌ಗನ್ ಮುಚ್ಚಿಟ್ಟುಕೊಂಡೂ ಒಳಗೆ ಬರಬಾರದು ಎನ್ನುತ್ತದೆ. 30.07 ಎಂದಿರುವುದು, ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಬರಬಾರದು ಎನ್ನುತ್ತದೆ. 30.05 ಎಂದಿರುವುದು ಲೈಸೆನ್ಸ್ ಇಲ್ಲದೆ ಒಯ್ಯುವವರನ್ನು ತಡೆಯಲಿಕ್ಕೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ ಒಂದಿಂಚು ಎತ್ತರದ ಅಕ್ಷರಗಳಲ್ಲಿ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿ, ಕಣ್ಣಿಗೆ ಬೀಳುವ ಹಾಗೆ ಹಾಕಬೇಕೆಂದು ಕಾನೂನೇ ಹೇಳುತ್ತದೆ. ‘ನಾನು ನೋಡಲಿಲ್ಲ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲಬಾರದು ಎಂದೇ ಇಷ್ಟೆಲ್ಲ ಅಳತೆ.

ಬೋರ್ಡು ಮೀರಿ ಒಳಗೆ ಹೋದರೆ ಅದು ಅತಿಕ್ರಮ ಪ್ರವೇಶ, ಕ್ಲಾಸ್ ಸಿ ದರ್ಜೆಯ ಅಪರಾಧ, ಗರಿಷ್ಠ 200 ಡಾಲರ್ ದಂಡ. ನಿನ್ನ ಗೆಳತಿಯ ಲೆಕ್ಕ ಇಲ್ಲಿಗೆ ನಿಂತಿದೆ. ಮುಂದಿನ ಸಾಲನ್ನು ಅವಳು ಓದಿಲ್ಲ. ಒಳಗೆ ಹೋದ ಮೇಲೆ ಅಂಗಡಿಯವರು ನಿನಗೇ ಬಾಯಿಬಿಟ್ಟು ‘ಕೋವಿ ಇಟ್ಟುಕೊಂಡು ಇಲ್ಲಿರಬೇಡಿ’ ಎಂದು ಹೇಳಿ, ನೀನು ಹೊರಡದಿದ್ದರೆ ಅದೇ ಅಪರಾಧ ಕ್ಲಾಸ್ ಎ ಆಗುತ್ತದೆ. ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಅಂಥ ಶಿಕ್ಷೆ ದಾಖಲಾದರೆ ಮುಂದಿನ ಐದು ವರ್ಷ ನಿನಗೆ ಹ್ಯಾಂಡ್‌ಗನ್ ಲೈಸೆನ್ಸೂ ಸಿಗುವುದಿಲ್ಲ. ಚಿಕ್ಕ ದಂಡಕ್ಕೂ ಜೈಲಿಗೂ ನಡುವೆ ಇರುವುದು ‘ದಯವಿಟ್ಟು ಹೊರಡಿ’ ಎಂಬ ಒಂದು ಮಾತು ಮತ್ತು ಅದಕ್ಕೆ ನಿನ್ನ ಉತ್ತರ.

ಇದನ್ನು ನಾನು ಕೌಂಟರಿನ ಆಚೆ ಬದಿಯಿಂದ ನೋಡಿದ್ದೇನೆ. ನಮ್ಮ ಅಂಗಡಿಗೆ 30.06 ಮತ್ತು 30.07 ಬೋರ್ಡು ಹಾಕುವ ಮೊದಲು ಮಾಮಿಯೂ ನಾನೂ ಬಹಳ ಯೋಚಿಸಿದ್ದೆವು. ಗಿರಾಕಿಗಳು ಬೇಸರಪಡುತ್ತಾರೇನೋ ಎಂಬ ಅಳುಕು ನನಗೆ. ರಾತ್ರಿ ಹತ್ತರವರೆಗೆ ಕ್ಯಾಶ್‌ನಲ್ಲಿ ಕೂರುತ್ತಿದ್ದ ಹುಡುಗಿಯರ ಮುಖ ಮಾಮಿಯ ಕಣ್ಣ ಮುಂದೆ. ಹತ್ತೊಂಬತ್ತು, ಇಪ್ಪತ್ತರ ಹುಡುಗಿಯರು. ಸೊಂಟದಲ್ಲಿ ಪಿಸ್ತೂಲು ತೂಗಿಸಿಕೊಂಡು ಯಾರಾದರೂ ಒಳಗೆ ಬಂದರೆ, ಹಾಲಿಗೆ ಬಂದವನೋ ಗಲ್ಲಾಪೆಟ್ಟಿಗೆಗೆ ಕೈ ಹಾಕಲು ಬಂದವನೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬೋರ್ಡು ಹಾಕಿದೆವು. ಹಾಕಿದ ವಾರವೇ ನಮ್ಮ ಹಳೇ ಗಿರಾಕಿ, ದನದ ಸಾಕಣೆಯಿದ್ದ ಮುದುಕರು, ಬಾಗಿಲಿನ ಮುಂದೆ ನಿಂತು ಕನ್ನಡಕ ಏರಿಸಿ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ತಿರುಗಿ ಪಿಕಪ್ ಟ್ರಕ್ಕಿಗೆ ಹೋಗಿ, ಬೆಲ್ಟಿನಿಂದ ಪಿಸ್ತೂಲು ಬಿಚ್ಚಿಟ್ಟು, ಬೀಗ ಹಾಕಿ, ಬಂದು ಹಾಲು, ಬ್ರೆಡ್ಡು ತೆಗೆದುಕೊಂಡರು. ಒಂದು ಮಾತೂ ಆಡಲಿಲ್ಲ. ಕೋವಿಯ ಜೊತೆ ಬಾಳಿದ ಮನುಷ್ಯ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ.

ಇನ್ನೊಬ್ಬ ಯುವಕ ಬೇರೆ ಥರ. ಶರ್ಟು ಮೇಲೆ ಸರಿದಾಗ ಹುಡುಗಿಗೆ ಪಿಸ್ತೂಲು ಕಂಡಿತು. ನಾನು ಹೋಗಿ, ಬೋರ್ಡು ಇದೆಯಪ್ಪಾ, ಕಾರಿನಲ್ಲಿಟ್ಟು ಬಾ ಎಂದೆ. ಅವನು ಸಂವಿಧಾನದ ಪಾಠ ಶುರುಮಾಡಿದ, ಫೋನು ಎತ್ತಿ ವಿಡಿಯೋ ಮಾಡಲು ನಿಂತ. ಪೊಲೀಸರಿಗೆ ಫೋನು ಮಾಡಬೇಕಾಯಿತು. ಬಂದ ಅಧಿಕಾರಿ ಅವನಿಗೆ ಕಾನೂನನ್ನು ಎರಡೇ ವಾಕ್ಯದಲ್ಲಿ ಹೇಳಿದರು, ಅವನು ಹೊರಟ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಕೈಗೆ ಕೋಳ ಬೀಳುತ್ತಿತ್ತು. ಅವನಿಗಿಂತ ಹೆಚ್ಚು ನಡುಗುತ್ತಿದ್ದವಳು ಕ್ಯಾಶ್ ಹುಡುಗಿ. ಬೋರ್ಡನ್ನು ಕಾಗದದ ತುಂಡು ಎನ್ನುವವರಿಗೆ ಅವಳ ಕೈ ನಡುಗಿದ್ದು ಕಾಣುವುದಿಲ್ಲ.

ಎಲ್ಲ ಬೋರ್ಡೂ ಒಂದೇ ತೂಕದ್ದಲ್ಲ, ಇದನ್ನೂ ತಿಳಿದಿರು. ಗೆಳತಿಯರ ಜೊತೆ ಊಟಕ್ಕೆ ಹೋದಾಗ ಬಾಗಿಲಲ್ಲಿ ಕೆಂಪಗೆ 51% ಎಂದಿರುವ ಬೋರ್ಡು ಕಂಡರೆ ಎರಡನೇ ಯೋಚನೆಯೇ ಬೇಡ. ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಬರುವ ಜಾಗ ಅದು. ಅಲ್ಲಿಗೆ ಹ್ಯಾಂಡ್‌ಗನ್ ಒಯ್ದರೆ ಅದು ದಂಡದ ಮಾತಲ್ಲ, ಫೆಲೊನಿ, ಅಂದರೆ ಗಂಭೀರ ಅಪರಾಧ. ಎರಡರಿಂದ ಹತ್ತು ವರ್ಷ ಸೆರೆಮನೆ, 10,000 ಡಾಲರ್‌ವರೆಗೆ ದಂಡ. ಶಾಲೆ, ಮತಗಟ್ಟೆ, ಕೋರ್ಟು, ವಿಮಾನ ನಿಲ್ದಾಣದ ತಪಾಸಣೆಯ ಒಳಭಾಗ ಇವಕ್ಕೂ ಬೇರೆ ಕಠಿಣ ನಿಯಮಗಳಿವೆ.

ರಾಜ್ಯದ ಗಡಿ ದಾಟಿದರೆ ಎಲ್ಲವೂ ಬದಲಾಗುತ್ತದೆ. ಇಲಿನಾಯ್‌ನಲ್ಲಿ ಬೋರ್ಡಿನ ಮೇಲೆ ಅಕ್ಷರವೇ ಇರಬೇಕಿಲ್ಲ. ಬಿಳಿ ಹಿನ್ನೆಲೆ, ಕಪ್ಪು ಪಿಸ್ತೂಲು, ಕೆಂಪು ವೃತ್ತ, ಅಡ್ಡಗೆರೆ, ಅಳತೆ ನಾಲ್ಕು ಇಂಚಿಗೆ ಆರು ಇಂಚು. ಅಷ್ಟು ಚಿಕ್ಕ ಚಿತ್ರಕ್ಕೆ ಕಾನೂನಿನ ಬಲ ಇದೆ. ಮಿನೆಸೋಟದಲ್ಲಿ ಬೋರ್ಡಿನ ಅಕ್ಷರ ಏರಿಯಲ್ ಎಂಬ ಅಚ್ಚಿನಲ್ಲೇ, ಒಂದೂವರೆ ಇಂಚು ಎತ್ತರ ಇರಬೇಕೆಂದು ಕಾನೂನಿನಲ್ಲಿ ಬರೆದಿದ್ದಾರೆ. ಅಲ್ಲಿ ಹೊರಡು ಎಂದರೂ ಹೊರಡದವರಿಗೆ ಮೊದಲ ಸಲ 25 ಡಾಲರ್ ಮಾತ್ರ ದಂಡ. ಬೇರೆ ಕೆಲವು ರಾಜ್ಯಗಳಲ್ಲಿ ಬೋರ್ಡಿಗೆ ತನ್ನಷ್ಟಕ್ಕೆ ಬಲವಿಲ್ಲ. ಹೊರಡು ಎಂದ ಮೇಲೂ ನಿಂತರೆ ಅತಿಕ್ರಮ ಪ್ರವೇಶದ ಕೇಸು. ಹವಾಯಿಯವರು 2023ರಲ್ಲಿ ಲೆಕ್ಕವನ್ನೇ ತಿರುಗಿಸಿ, ಅಂಗಡಿಯವನು ಒಪ್ಪಿಗೆ ಕೊಟ್ಟರೆ ಮಾತ್ರ ಒಳಗೆ ಒಯ್ಯಬಹುದು ಎಂದು ಕಾನೂನು ಮಾಡಿದರು. ಅದು ಕೋರ್ಟಿನ ಮೆಟ್ಟಿಲೇರಿತು. ಹಾಗಾಗಿ ಚಿಕಾಗೋದಲ್ಲಿರುವ ನಿನ್ನ ಅಕ್ಕನ ಮನೆಗೆ ಹೊರಡುವಾಗ ಟೆಕ್ಸಾಸಿನ ಧೈರ್ಯ ಕಟ್ಟಿಕೊಂಡು ಹೋಗಬೇಡ. ಇಲಿನಾಯ್ ಕಾನೂನು ಬಹಳ ಬಿಗಿ. ಕೋವಿ ಮನೆಯಲ್ಲೇ ಬೀಗದೊಳಗೆ ಇರಲಿ.

‘ಬೋರ್ಡೇ ಇಲ್ಲದ ದೊಡ್ಡ ಅಂಗಡಿಗಳಲ್ಲಿ?’ ಎಂದು ನೀನು ಕೇಳಬಹುದು. 2019ರ ಆಗಸ್ಟ್ 3ರಂದು ನಮ್ಮದೇ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ, ವಾಲ್‌ಮಾರ್ಟ್‌ಗೆ ಶನಿವಾರದ ಸಾಮಾನಿಗೆ ಬಂದಿದ್ದ ಜನರ ಮೇಲೆ ಒಬ್ಬ ಗುಂಡಿನ ಮಳೆಗರೆದ. ಕೊನೆಗೆ ಸತ್ತವರು 23 ಮಂದಿ. ಒಂದು ತಿಂಗಳಾದ ಮೇಲೆ, ಸೆಪ್ಟೆಂಬರ್ 3ರಂದು, ಯಾರೂ ಕೋವಿಯನ್ನು ಕಾಣುವಂತೆ ಹಿಡಿದು ನಮ್ಮ ಅಂಗಡಿಗೆ ಬರಬೇಡಿ ಎಂದು ವಾಲ್‌ಮಾರ್ಟ್ ಕೇಳಿಕೊಂಡಿತು. ಕ್ರೋಗರ್ ಅದೇ ದಿನ, ವಾಲ್‌ಗ್ರೀನ್ಸ್, ಸಿವಿಎಸ್ ಅದರ ಬೆನ್ನಿಗೇ ಹಾಗೆಯೇ ಕೇಳಿಕೊಂಡವು. ಸ್ಟಾರ್‌ಬಕ್ಸ್ 2013ರಲ್ಲೇ, ಟಾರ್ಗೆಟ್ 2014ರಲ್ಲೇ ಈ ಮಾತು ಹೇಳಿದ್ದವು. ಇವು ವಿನಂತಿಗಳು. ಬಾಗಿಲಿನ ಬೋರ್ಡಿಗೆ ಇರುವ ಬಲ ಇವಕ್ಕಿಲ್ಲ. ಆದರೆ ಅಂಗಡಿಯ ಸಿಬ್ಬಂದಿ ಒಬ್ಬರು ಹತ್ತಿರ ಬಂದು ಹೊರಡಿ ಎಂದ ಕ್ಷಣದಿಂದ ಅದು ಟೆಕ್ಸಾಸ್ ಕಾನೂನಿನಲ್ಲಿ ಬಾಯಿಮಾತಿನ ನೋಟಿಸು. ಆಮೇಲೆ ವಾದಕ್ಕೆ ಜಾಗವಿಲ್ಲ.

ಎಲ್ ಪಾಸೊ ಆದ ಐದನೇ ದಿನ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಗುಂಡುನಿರೋಧಕ ಕವಚ ತೊಟ್ಟು, ರೈಫಲ್ ಹಿಡಿದು, ನೂರಕ್ಕೂ ಹೆಚ್ಚು ಗುಂಡು ಇಟ್ಟುಕೊಂಡು ವಾಲ್‌ಮಾರ್ಟ್ ಹೊಕ್ಕ. ಗಾಡಿ ತಳ್ಳುತ್ತಾ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಆ ರಾಜ್ಯದಲ್ಲಿ ಕೋವಿ ಕಾಣುವಂತೆ ಒಯ್ಯುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಎರಡನೇ ತಿದ್ದುಪಡಿಯನ್ನು ಈ ಅಂಗಡಿ ಗೌರವಿಸುತ್ತದೆಯೇ ಎಂದು ಪರೀಕ್ಷಿಸಲು ಹೋದೆ ಎಂದು ಆಮೇಲೆ ಪೊಲೀಸರಿಗೆ ಹೇಳಿದನಂತೆ. ಮ್ಯಾನೇಜರ್ ಬೆಂಕಿಯ ಅಲಾರಂ ಎಳೆದು ಜನರನ್ನು ಹೊರಗೆ ಕಳಿಸಿದರು, ಕೆಲಸದ ಮೇಲಿರದ ಅಗ್ನಿಶಾಮಕ ದಳದವರೊಬ್ಬರು ಪೊಲೀಸರು ಬರುವವರೆಗೆ ಅವನ ಮೇಲೆ ಪಿಸ್ತೂಲು ಹಿಡಿದು ನಿಂತರು. ಮೊದಲು ಭಯೋತ್ಪಾದಕ ಬೆದರಿಕೆಯ ಫೆಲೊನಿ ಕೇಸು ಬಿತ್ತು. ಕೊನೆಗೆ ಚಿಕ್ಕ ಅಪರಾಧಕ್ಕೆ ತಪ್ಪೊಪ್ಪಿಕೊಂಡು ಪಾರಾದ. ಒಂದು ಗುಂಡೂ ಹಾರದೆ ಇಷ್ಟೆಲ್ಲ ಆಯಿತು. ಟೆಕ್ಸಾಸ್‌ನಲ್ಲೂ ಸಾರ್ವಜನಿಕ ಜಾಗದಲ್ಲಿ ಜನ ಬೆದರುವಂತೆ ಬೇಕೆಂದೇ ಕೋವಿ ತೋರಿಸಿದರೆ ಕ್ಲಾಸ್ ಬಿ ಅಪರಾಧ, ಆರು ತಿಂಗಳವರೆಗೆ ಜೈಲು.

ಅದಕ್ಕೂ ಮುಂಚೆ, 2014ರ ಆಗಸ್ಟಿನಲ್ಲಿ, ಓಹಾಯೊದ ಬೀವರ್‌ಕ್ರೀಕ್‌ನ ವಾಲ್‌ಮಾರ್ಟ್‌ನಲ್ಲಿ 22 ವರ್ಷದ ಕಪ್ಪುವರ್ಣೀಯ ಯುವಕನೊಬ್ಬ ಅಂಗಡಿಯ ಶೆಲ್ಫಿನಲ್ಲೇ ಮಾರಾಟಕ್ಕಿದ್ದ ಗಾಳಿಕೋವಿ ಎತ್ತಿಕೊಂಡು ಫೋನಿನಲ್ಲಿ ಮಾತಾಡುತ್ತಾ ಓಡಾಡುತ್ತಿದ್ದ. ಯಾರೋ ಪೊಲೀಸರಿಗೆ ಫೋನು ಮಾಡಿದರು. ಬಂದ ಪೊಲೀಸರು ಗುಂಡು ಹಾರಿಸಿದರು, ಹುಡುಗ ಸತ್ತ. ಗುಂಡು ಹಾರಿಸಿದವರ ಮೇಲೆ ಗ್ರ್ಯಾಂಡ್ ಜ್ಯೂರಿ ದೋಷಾರೋಪ ಹೊರಿಸಲಿಲ್ಲ. ಇದನ್ನು ಬರೆಯುವಾಗ ನನ್ನ ಹೊಟ್ಟೆ ಸಂಕಟಪಡುತ್ತದೆ, ಆದರೂ ಬರೆಯುತ್ತೇನೆ. ಅಂಗಡಿಯೊಳಗೆ ಕೋವಿ ಕಂಡವರು ಕೈಯಲ್ಲಿ ಹಿಡಿದವರ ಮನಸ್ಸು ಓದುವುದಿಲ್ಲ. ನಮ್ಮಂಥ ಬಣ್ಣದವರು ಇಲ್ಲಿ ಒಂದು ಹೆಜ್ಜೆ ಹೆಚ್ಚೇ ಎಚ್ಚರದಲ್ಲಿರಬೇಕು.

ಈಗ ಆ ಇನ್ನೂರು ಡಾಲರ್ ವಿಷಯಕ್ಕೆ ಬರುತ್ತೇನೆ. ಈ ಭಾಗವನ್ನು ಎರಡು ಸಲ ಓದು.

ನಿನ್ನದು ಗ್ರೀನ್ ಕಾರ್ಡ್, ಪೌರತ್ವ ಇನ್ನೂ ಬಂದಿಲ್ಲ. ವಲಸೆ ಕಾನೂನಿನಲ್ಲಿ ಕೋವಿಗೆಂದೇ ಒಂದು ಕಲಮು ಇದೆ. ಯಾವುದೇ ಕಾನೂನನ್ನು ಮೀರಿ ಕೋವಿ ಕೊಂಡ, ಇಟ್ಟುಕೊಂಡ, ಒಯ್ದ, ಬಳಸಿದ ಅಪರಾಧಕ್ಕೆ ಶಿಕ್ಷೆಯಾದ ವಿದೇಶೀಯನನ್ನು ದೇಶದಿಂದ ಹೊರಹಾಕಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ಇದು ಅನ್ವಯಿಸುತ್ತದೆ. ಬೋರ್ಡು ಮೀರಿದ ಚಿಕ್ಕ ಅಪರಾಧ ಈ ಕಲಮಿನೊಳಗೆ ಬೀಳುತ್ತದೆಯೇ ಎನ್ನುವುದು ವಕೀಲರು ಕೂತು ವಾದಿಸುವ ಪ್ರಶ್ನೆ. ನನ್ನ ಮಗಳ ಬದುಕು ಆ ವಾದದ ವಸ್ತುವಾಗುವುದು ನನಗೆ ಬೇಡ.

ಇನ್ನೊಂದು ಗುಂಡಿ ಇದೆ. ಇಂಥ ಟಿಕೆಟ್ ಕೈಗೆ ಬಂದರೆ ಹೆಚ್ಚಿನವರು ಪೀಡೆ ತೊಲಗಲಿ ಎಂದು ದುಡ್ಡು ಕಟ್ಟಿಬಿಡುತ್ತಾರೆ. ಟೆಕ್ಸಾಸ್‌ನಲ್ಲಿ ದಂಡ ಕಟ್ಟಿದರೆ ಆರೋಪವನ್ನು ಎದುರಿಸುವುದಿಲ್ಲ ಎಂದು ಒಪ್ಪಿಕೊಂಡಂತೆ, ಅಂದರೆ ನೀನು ಅಪರಾಧಿ ಎಂದು ದಾಖಲೆಯಾದಂತೆ. ವಲಸೆ ಕಾನೂನಿನ ಕಣ್ಣಿಗೆ ಅದೂ ಶಿಕ್ಷೆಯೇ. ತಪ್ಪೊಪ್ಪಿಕೊಂಡು, ನಡತೆ ಸರಿಯಿದ್ದರೆ ಕೇಸು ಕೈಬಿಡುವ ಏರ್ಪಾಡನ್ನು ಇಲ್ಲಿನ ರಾಜ್ಯ ಕೋರ್ಟುಗಳು ಮಾಡಿಕೊಡುತ್ತವಲ್ಲ, ಅದೂ ಅಲ್ಲಿ ಶಿಕ್ಷೆಯೆಂದೇ ಲೆಕ್ಕವಾಗಬಹುದು. ಪೌರತ್ವದ ಅರ್ಜಿ ಎನ್-400ರಲ್ಲಿ ನಿನ್ನನ್ನು ಎಂದಾದರೂ ಬಂಧಿಸಿದ್ದರೇ, ನಿನಗೆ ಸಮನ್ಸ್ ಕೊಟ್ಟಿದ್ದರೇ ಎಂದು ಕೇಳುತ್ತಾರೆ. ನಿನ್ನ ನರ್ಸಿಂಗ್ ಲೈಸೆನ್ಸಿನ ಅರ್ಜಿಯಲ್ಲೂ ಅಪರಾಧಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ದೇವರ ದಯದಿಂದ ಅಂಥ ದಿನ ಬರದಿರಲಿ, ಬಂದರೆ ದುಡ್ಡು ಕಟ್ಟುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣು. ಕ್ರಿಮಿನಲ್ ಕೇಸಿನ ವಕೀಲರು ದೇಶದಿಂದ ಹೊರಹಾಕುವ ಅಪಾಯದ ಬಗ್ಗೆ ಕಕ್ಷಿದಾರರಿಗೆ ತಿಳಿಸಲೇಬೇಕೆಂದು 2010ರಲ್ಲಿ ಪಡೀಯಾ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಶ್ನೆಯನ್ನು ನೀನೇ ಮುಂಚೆ ಕೇಳು.

ನಿನ್ನ ತಮ್ಮನ ವಿಷಯ ಇನ್ನೂ ಸೂಕ್ಷ್ಮ. ಅವನದು ಎಫ್-1 ವಿದ್ಯಾರ್ಥಿ ವೀಸಾ. ವಿದ್ಯಾರ್ಥಿ ವೀಸಾ, ಎಚ್-1ಬಿ, ಎಚ್-4 ಇಂಥ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. 2022ರಿಂದ ಗರಿಷ್ಠ ಶಿಕ್ಷೆ ಹದಿನೈದು ವರ್ಷ. ಫ್ಲೋರಿಡಾದಲ್ಲಿ ಓದಲು ಬಂದಿದ್ದ ರೆಹೈಫ್ ಎಂಬ ಯುವಕನ ಕಥೆ ಅವನಿಗೆ ಹೇಳು. ಕಾಲೇಜು ಅವನ ಹೆಸರು ತೆಗೆದುಹಾಕಿದ ಮೇಲೆ ವೀಸಾದ ಆಸರೆ ಹೋಯಿತು. ಆಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಕೋವಿ ಹಿಡಿದು ಗುರಿ ಅಭ್ಯಾಸ ಮಾಡಿದ. ಅದಕ್ಕೇ ಕೇಸು ಬಿತ್ತು. ತಾನು ನಿಷೇಧಕ್ಕೆ ಒಳಗಾದವನೆಂದು ಆತನಿಗೆ ಗೊತ್ತಿತ್ತು ಎಂಬುದನ್ನೂ ಸರಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಪತ್ರ ಓದಿದ ಮೇಲೆ ನಿನ್ನ ತಮ್ಮನಿಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ವಾರಾಂತ್ಯಕ್ಕೆ ಬಂದಾಗ ಅವನನ್ನು ರೇಂಜಿಗೆ ಕರೆದೊಯ್ಯಬೇಡ. ನಿನ್ನ ಹ್ಯಾಂಡ್‌ಗನ್ ಅವನ ಕೈಗೆ ಕೊಡಬೇಡ, ಕೊಟ್ಟರೆ ಕೊಟ್ಟವಳ ಮೇಲೂ ಕೇಸಾಗುತ್ತದೆ.

ಹ್ಯಾಂಡ್‌ಬ್ಯಾಗಿನ ಬಗ್ಗೆ ಒಂದು ಮಾತು. 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಎಂಬ ಊರಿನ ವಾಲ್‌ಮಾರ್ಟ್‌ನಲ್ಲಿ 29 ವರ್ಷದ ತಾಯಿಯೊಬ್ಬಳು ಶಾಪಿಂಗ್ ಗಾಡಿಯಲ್ಲಿ ಎರಡು ವರ್ಷದ ಮಗನನ್ನು ಕೂರಿಸಿಕೊಂಡು ಹೋಗುತ್ತಿದ್ದಳು. ಅವಳ ಕೈಚೀಲದಲ್ಲಿ ಕೋವಿ ಇಡಲೆಂದೇ ಮಾಡಿದ ಜಿಪ್ ಹಾಕುವ ಜೇಬು ಇತ್ತು. ಮುಚ್ಚಿಟ್ಟುಕೊಂಡು ಒಯ್ಯುವ ಲೈಸೆನ್ಸ್ ಇತ್ತು. ಆಕೆ ವಿಜ್ಞಾನಿ, ಬಾಲ್ಯದಿಂದ ಕೋವಿ ಬಲ್ಲವಳು. ಮಗು ಜಿಪ್ ತೆಗೆದು ಒಳಗೆ ಕೈ ಹಾಕಿತು. ಒಂದು ಗುಂಡು, ತಾಯಿ ಅಲ್ಲೇ ಸತ್ತಳು. ನಿನ್ನ ಜೊತೆ ಅಂಗಡಿಗೆ ಬರುವ ಗೆಳತಿಯರ ಮಕ್ಕಳನ್ನು ನೀನು ಗಾಡಿಯಲ್ಲಿ ಕೂರಿಸಿಕೊಂಡು ತಿರುಗಿಸುವ ಫೋಟೋಗಳನ್ನು ನಾನು ನೋಡಿದ್ದೇನೆ. ಕೋವಿ ಒಯ್ಯುವುದೇ ಆದರೆ ಅದು ಮೈಮೇಲೆ, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್‌ನಲ್ಲಿರಲಿ. ಗಾಡಿಯಲ್ಲಿಡುವ ಕೈಚೀಲದಲ್ಲಿ ಎಂದೂ ಬೇಡ.

ಬೋರ್ಡನ್ನು ವಿರೋಧಿಸುವವರ ಮಾತನ್ನೂ ನಾನು ಕೇಳಿಸಿಕೊಂಡಿದ್ದೇನೆ. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್‌ನಲ್ಲಿ ಲ್ಯೂಬೀಸ್ ಎಂಬ ಹೋಟೆಲಿಗೆ ಒಬ್ಬ ಟ್ರಕ್ಕು ನುಗ್ಗಿಸಿ 23 ಜನರನ್ನು ಕೊಂದ. ಸುಝಾನಾ ಹಪ್ ತಂದೆತಾಯಿಯ ಜೊತೆ ಅಲ್ಲಿ ಊಟಕ್ಕೆ ಕೂತಿದ್ದರು. ಆಗಿನ ಕಾನೂನು ಮೀರಬಾರದೆಂದು ತಮ್ಮ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಕಣ್ಣೆದುರೇ ತಂದೆ ಹೋದರು, ತಾಯಿಯೂ ಹೋದರು. ಅವರ ಹೋರಾಟವೂ ಸೇರಿಯೇ 1995ರಲ್ಲಿ ಇಲ್ಲಿ ಮುಚ್ಚಿಟ್ಟುಕೊಂಡು ಒಯ್ಯುವ ಲೈಸೆನ್ಸ್ ಕಾನೂನು ಬಂತು, ಆಗ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. ಆ ನೋವಿನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಆಕೆ ಏನು ಮಾಡಿದರು ನೋಡು. ಕಾನೂನು ಸರಿಯಿಲ್ಲ ಅನ್ನಿಸಿತು, ಶಾಸನಸಭೆಯ ಮುಂದೆ ನಿಂತು ಮಾತಾಡಿದರು, ಮುಂದೆ ಚುನಾವಣೆ ಗೆದ್ದು ತಾವೇ ಶಾಸನಸಭೆಯಲ್ಲಿ ಕೂತರು. ನಿನಗೂ ಆ ಅಂಗಡಿಯ ಬೋರ್ಡು ಸರಿಯಿಲ್ಲ ಅನ್ನಿಸಿದರೆ ಮಾಲೀಕರಿಗೆ ಪತ್ರ ಬರೆ, ಬೋರ್ಡಿಲ್ಲದ ಅಂಗಡಿಗೆ ಹೋಗು, ಪೌರತ್ವ ಬಂದ ಮೇಲೆ ಮತ ಹಾಕು. ಕೈಚೀಲದಲ್ಲಿ ಬಚ್ಚಿಟ್ಟುಕೊಂಡು ನುಸುಳುವುದರಿಂದ ಯಾವ ಹಕ್ಕೂ ಗಟ್ಟಿಯಾಗುವುದಿಲ್ಲ.

ಇನ್ನು ನೀನು ಮಾಡಬೇಕಾದದ್ದು. ಲೈಸೆನ್ಸ್ ಕಡ್ಡಾಯವಲ್ಲದಿದ್ದರೂ ತರಗತಿಗೆ ಸೇರಿ ತೆಗೆದುಕೋ. ಕಾನೂನು ಯಾವುದು, ಗಾಳಿಮಾತು ಯಾವುದು ಎಂದು ಅಲ್ಲಿ ತಿಳಿಯುತ್ತದೆ. ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಓದು. ಬೋರ್ಡು ಇದ್ದರೆ ತಿರುಗಿ ಹೋಗು. ಪದೇ ಪದೇ ಹೋಗುವ ಅಂಗಡಿಯಾದರೆ ಆ ದಿನ ಕೋವಿಯನ್ನು ಮನೆಯಲ್ಲೇ ಬಿಡು, ಇಲ್ಲವೇ ಕಾರಿನಲ್ಲಿ ಬೋಲ್ಟ್ ಹಾಕಿ ಕೂರಿಸಿದ ಬೀಗದ ಪೆಟ್ಟಿಗೆಯಲ್ಲಿಡು. ಸೀಟಿನ ಕೆಳಗೆ ಬೇಡ, ಕಾರು ಒಡೆಯುವ ಕಳ್ಳರು ಮೊದಲು ಕೈ ಹಾಕುವುದು ಅಲ್ಲಿಗೇ. ಯಾರಾದರೂ ಹೊರಡಿ ಎಂದರೆ ‘ಸರಿ’ ಎಂದು ಹೊರಡು. ಸರಿ ತಪ್ಪು ಆಮೇಲೆ ನೋಡಿಕೊಳ್ಳೋಣ. ಪೊಲೀಸರು ಬಂದರೆ ಕೈ ಕಾಣುವಂತಿರಲಿ, ಬ್ಯಾಗಿಗೆ ಕೈ ಹಾಕಬೇಡ. ಕೋವಿ ಇದೆಯೆಂದು, ಎಲ್ಲಿದೆಯೆಂದು ಬಾಯಲ್ಲಿ ಹೇಳು. ಲೈಸೆನ್ಸ್ ತೆಗೆದುಕೊಂಡ ಮೇಲೆ, ಗುರುತಿನ ಚೀಟಿ ಕೇಳಿದರೆ ಅದನ್ನೂ ತೋರಿಸಬೇಕು, ಅದು ಕಾನೂನು.

ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಅಂಗಡಿಗೆ ಹೋಗುವ ಅನಿವಾರ್ಯ ನಿನಗೆ ಯಾಕಿರಬೇಕು ಎಂದೂ ಮಾಮಿ ಕೇಳುತ್ತಿದ್ದಾಳೆ. ಸಾಮಾನು ಮನೆಗೇ ತರಿಸಿಕೋ. ಆಸ್ಪತ್ರೆಯ ಭದ್ರತಾ ಸಿಬ್ಬಂದಿಗೆ ಕಾರಿನವರೆಗೆ ಜೊತೆಗೆ ಬನ್ನಿ ಎಂದು ಕೇಳು, ಕೇಳುವುದರಲ್ಲಿ ಸಂಕೋಚ ಬೇಡ. ನಿನ್ನ ಸುರಕ್ಷತೆಗೆ ಕೋವಿಯೊಂದೇ ದಾರಿಯಲ್ಲ.

ಈ ದೇಶಕ್ಕೆ ನೀನು ಬಂದದ್ದು ಸುಮ್ಮನೆ ಅಲ್ಲ. ಪರೀಕ್ಷೆಗಳು, ವೀಸಾಕ್ಕೆ ಕಾದ ವರ್ಷಗಳು, ನಿನ್ನ ಅಮ್ಮ ತೋಟದ ಕಾಫಿ ಮಾರಿ ಕಟ್ಟಿದ ಫೀಸು, ಎಲ್ಲದರ ಮೇಲೆ ನಿಂತ ಬದುಕು ಇದು. ಬಾಗಿಲಿನ ಮೇಲಿನ ಒಂದು ಬೋರ್ಡನ್ನು ಮೀರಿ ಅದನ್ನು ಪಣಕ್ಕಿಡಬೇಡ. ನಿನ್ನ ಹಕ್ಕು ನಿನ್ನ ಹತ್ತಿರ ಇರಲಿ, ಅವರ ಬಾಗಿಲು ಅವರ ಮಾತಿನಂತೆ ನಡೆಯಲಿ. ಬೋರ್ಡು ಓದು, ಕೋವಿ ಹೊರಗಿಡು, ಆಮೇಲೆ ಒಳಗೆ ಹೋಗು. ನಿನ್ನಿಂದ ನಾನು ಕೇಳುವುದು ಇಷ್ಟೇ.

ಪ್ರೀತಿಯಿಂದ,
ನಿನ್ನ ಮಾವ